ಮೂಗಿಗಿಂತ ಮೂಗುತಿ ಭಾರ: ಹಳೆಯ ವಿಆರ್ ಹೆಡ್‌ಸೆಟ್ ಜತೆ ಆರು ವರ್ಷ

ಕನ್ನಡಕ ಹಾಕುವವರು ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡು ಸುತ್ತಲೂ ಕೃತಕ ಜಗತ್ತು ನೋಡುವ ಡಬ್ಬ) ಕೊಳ್ಳುವ ಮೊದಲು ಇದನ್ನು ಓದಿಬಿಡಿ. ಕಣ್ಣು ಚೆನ್ನಾಗಿರುವವರು ಬೇಕಿದ್ದರೆ ಎರಡು ಪ್ಯಾರಾ ಹಾರಿಸಿ ಮುಂದಕ್ಕೆ ಹೋಗಬಹುದು, ಹೊಟ್ಟೆಕಿಚ್ಚಿಲ್ಲ.

ನನ್ನದು 2016ರ ಮೊದಲ ಪೀಳಿಗೆಯದು, ಕಂಪ್ಯೂಟರಿಗೆ ಕೇಬಲ್‌ನಿಂದ ಕಟ್ಟಿಹಾಕುವ ಜಾತಿ. ಯಾವ ಕಂಪನಿ ಎಂಬುದು ಬೇಡ. ಆ ವರ್ಷ ಪಿಸಿಗೆಂದು ಬಂದ ಎರಡು ದೊಡ್ಡ ಹೆಡ್‌ಸೆಟ್‌ಗಳ ಪರದೆಯ ಲೆಕ್ಕ ಒಂದೇ, ಕಣ್ಣೊಂದಕ್ಕೆ 1080×1200 ಪಿಕ್ಸೆಲ್, ಸೆಕೆಂಡಿಗೆ 90 ಚಿತ್ರ. ಗೋಳೂ ಹೆಚ್ಚುಕಡಿಮೆ ಒಂದೇ. ಬಂದ ಹೊಸದರಲ್ಲೇ ಕೊಳ್ಳಬೇಕೆಂದು ಹಣ ಕೂಡಿಟ್ಟಿದ್ದೆ. ಜಿಟಿಎಕ್ಸ್ 970ರ ಮಟ್ಟದ ಗ್ರಾಫಿಕ್ಸ್ ಕಾರ್ಡ್ ಇರಲಿ ಎಂದು ಎರಡೂ ಕಡೆಯವರು ಹೇಳಿದ್ದರಿಂದ ಆ ಹಣ ಕಾರ್ಡಿಗೇ ಹೋಯಿತು. ಹೆಡ್‌ಸೆಟ್ ಬಂದದ್ದು ಮರುವರ್ಷ, ಸೆಕೆಂಡ್ ಹ್ಯಾಂಡಿನಲ್ಲಿ.

ಈಗ ಕನ್ನಡಕದ ಕಥೆ. ಪರದೆ ಇರುವುದು ಕಣ್ಣಿನಿಂದ ನಾಲ್ಕು ಬೆರಳಿನಾಚೆ. ಅಷ್ಟು ಹತ್ತಿರದ್ದನ್ನು ನೋಡಲು ಮೈನಸ್ ನಂಬರಿನ ನನಗೆ ಕನ್ನಡಕ ಯಾಕೆ ಅಂದುಕೊಂಡು ಮೊದಲ ದಿನ ಅದನ್ನು ತೆಗೆದಿಟ್ಟೇ ಹಾಕಿಕೊಂಡೆ. ಎಲ್ಲವೂ ಮಸುಕು. ನಡುವಿನ ಲೆನ್ಸ್ ಆ ಪರದೆಯನ್ನು ಕಣ್ಣಿನ ಮಟ್ಟಿಗೆ ಮಾರು ದೂರ ಒಯ್ದು ನಿಲ್ಲಿಸುತ್ತದೆ ಎಂದು ಆಮೇಲೆ ಗೊತ್ತಾಯಿತು. ಅಂದರೆ ಓದಲು ಮಾತ್ರ ಚಾಳೀಸು ಬೇಕಾದವರು ಅದನ್ನು ಬದಿಗಿಟ್ಟು ಆರಾಮಾಗಿ ಆಡಬಹುದು. ದೂರ ಕಾಣದ ನನ್ನಂಥವರಿಗೆ ಆ ಭಾಗ್ಯವಿಲ್ಲ. ಕನ್ನಡಕದ ಮೇಲೆ ಅರ್ಧ ಕೆಜಿಯ ಡಬ್ಬ ಕೂತರೆ ಮೂಗಿನ ಗತಿ ಏನು? ಇಪ್ಪತ್ತು ನಿಮಿಷಕ್ಕೆ ಮೂಗಿನ ಎರಡೂ ಬದಿಗೆ ಕೆಂಪು ಗುಳಿ. ತೆಗೆಯುವಾಗ ಕನ್ನಡಕ ಹೆಡ್‌ಸೆಟ್ಟಿನೊಳಗೇ ಉಳಿದುಬಿಡುತ್ತದೆ. ಅದನ್ನು ಕೀಳುವಾಗ ಗಾಜಿನ ಅಂಚು ಹೆಡ್‌ಸೆಟ್ಟಿನ ಪ್ಲಾಸ್ಟಿಕ್ ಲೆನ್ಸ್ ಗೀರಿ ಒಂದು ಕೂದಲೆಳೆಯಷ್ಟು ಗೆರೆ ಬಿದ್ದಿದೆ. ಎರಡನೇ ತಿಂಗಳಲ್ಲೇ ಆದದ್ದು, ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಈಗ ಪಟ್ಟಿಯನ್ನು ಹಿಂದಿನಿಂದಲ್ಲ, ಮುಂದಿನಿಂದ ಬಿಡಿಸುತ್ತೇನೆ. ಮೊದಲು ಡಬ್ಬವನ್ನು ಮುಖದಿಂದ ನೇರ ಮುಂದಕ್ಕೆ ಎಳೆದು, ಆಮೇಲೆ ಮೇಲಕ್ಕೆ. ಕನ್ನಡಕ ಮುಖದಲ್ಲೇ ಉಳಿಯುತ್ತದೆ.

ಇನ್ನು ಮಂಜು. ತಣ್ಣಗಿರುವ ಲೆನ್ಸಿಗೆ ಬಿಸಿ ಮುಖ ತಾಗಿದರೆ ಎರಡೇ ನಿಮಿಷದಲ್ಲಿ ಒಳಗೆಲ್ಲ ಹಬೆ. ಹಾಗಾಗಿ ನನ್ನದೊಂದು ಕ್ರಮವಿದೆ. ಕಂಪ್ಯೂಟರ್ ಹಚ್ಚಿ, ಹೆಡ್‌ಸೆಟ್ಟಿನ ಒಳಗೆ ಮೂಗು ಬರುವ ಕಡೆ ಒಂದು ಮಡಚಿದ ಬಟ್ಟೆ ಸಿಕ್ಕಿಸುತ್ತೇನೆ. ಆಗ ಒಳಗಿನ ಸೆನ್ಸರ್ ಯಾರೋ ಹಾಕಿಕೊಂಡಿದ್ದಾರೆಂದು ನಂಬಿ ಪರದೆ ಉರಿಸುತ್ತಲೇ ಇರುತ್ತದೆ, ಲೆನ್ಸ್ ಬೆಚ್ಚಗಾಗುತ್ತದೆ. ಅಷ್ಟರಲ್ಲಿ ಕುರ್ಚಿ ಸರಿಸಿ, ನೆಲದ ಮೇಲಿನ ಚಾಪೆ ನೇರ ಮಾಡಿ, ಎದುರಿಗೆ ಟೇಬಲ್ ಫ್ಯಾನ್ ಇಡುತ್ತೇನೆ. ಫ್ಯಾನ್ ಬೆವರಿಗೂ ಆಯಿತು, ದಿಕ್ಕಿಗೂ ಆಯಿತು: ಗಾಳಿ ಯಾವ ಕೆನ್ನೆಗೆ ಬೀಳುತ್ತಿದೆ ಎಂಬುದರ ಮೇಲೆ ನಿಜವಾದ ಕೋಣೆಯಲ್ಲಿ ಎತ್ತ ತಿರುಗಿದ್ದೇನೆಂದು ಗೊತ್ತಾಗುತ್ತದೆ. ಚಾಪೆಯ ಅಂಚು ಪಾದಕ್ಕೆ ತಾಗಿದರೆ ಮುಂದೆ ಗೋಡೆ ಎಂದು ಅರ್ಥ. ಕೊನೆಗೆ ಕನ್ನಡಕ ಒರೆಸಿ, ಲೆನ್ಸ್ ಒಣ ಬಟ್ಟೆಯಲ್ಲಿ ಒರೆಸಿ, ಹಾಕಿಕೊಂಡಾಗ ಬರುತ್ತದೆ ನೋಡಿ: ‘ಅಪ್‌ಡೇಟ್ ಲಭ್ಯವಿದೆ’.

ಹತ್ತು ನಿಮಿಷದ ಸಿದ್ಧತೆ, ಇಪ್ಪತ್ತೈದು ನಿಮಿಷದ ಆಟ. ಮೂಗಿಗಿಂತ ಮೂಗುತಿ ಭಾರ ಅಂತ ಸುಮ್ಮನೆ ಹೇಳಿದ್ದಲ್ಲ.

ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಮೊದಲ ತಿಂಗಳು ನಾನೂ ಹಾಗೇ. ದಿನಾ ರಾತ್ರಿ ಹಾಕಿಕೊಂಡು ಕೂರುತ್ತಿದ್ದೆ. ಆಗ ಜಗತ್ತೇ ಹಾಗಿತ್ತು ಅನ್ನಿ. 2012ರಲ್ಲಿ ಕಿಕ್‌ಸ್ಟಾರ್ಟರಿನಲ್ಲಿ ಜನರಿಂದ ಹಣ ಎತ್ತಿ ಹುಟ್ಟಿದ ಆಕ್ಯುಲಸ್ ರಿಫ್ಟ್ ಎಂಬ ಹೆಡ್‌ಸೆಟ್ಟಿನ ಕಂಪನಿಯನ್ನು 2014ರಲ್ಲಿ ಫೇಸ್‌ಬುಕ್ 200 ಕೋಟಿ ಡಾಲರಿನ ಲೆಕ್ಕದಲ್ಲಿ ಕೊಂಡಾಗ, ಇನ್ನೈದು ವರ್ಷಕ್ಕೆ ಟಿವಿ ಮೂಲೆ ಸೇರುತ್ತದೆ ಎಂದು ನಾನೂ ನಂಬಿದ್ದೆ. ಐವಾನ್ ಸದರ್‌ಲ್ಯಾಂಡ್ 1968ರಲ್ಲಿ ಮಾಡಿದ ತಲೆಗೆ ಕಟ್ಟುವ ಯಂತ್ರ ಎಷ್ಟು ಭಾರವಿತ್ತೆಂದರೆ ಅದನ್ನು ಸೂರಿನಿಂದ ಇಳಿಬಿಟ್ಟಿದ್ದರು. 1995ರಲ್ಲಿ ನಿಂಟೆಂಡೊ ತಂದ ವರ್ಚುಯಲ್ ಬಾಯ್‌ನಲ್ಲಿ ಕೆಂಪು ಬಿಟ್ಟರೆ ಬೇರೆ ಬಣ್ಣವೇ ಇರಲಿಲ್ಲ. ಅವುಗಳ ಪಕ್ಕದಲ್ಲಿಟ್ಟರೆ ನನ್ನದು ರಾಜವೈಭೋಗ. ಆ ಹೋಲಿಕೆಯೇ ನನ್ನನ್ನು ಕೆಡಿಸಿದ್ದು.

ನಾನು ಕೊಂಡದ್ದು ಸಿನಿಮಾ ನೋಡಲು. ಥಿಯೇಟರಿನಷ್ಟು ದೊಡ್ಡ ಪರದೆ, ಒಬ್ಬನೇ ಪ್ರೇಕ್ಷಕ ಎಂಬ ಆಸೆ. ಪರದೆ ದೊಡ್ಡದಿತ್ತು, ನಿಜ. ಆದರೆ ಸೊಳ್ಳೆಪರದೆಯೊಳಗಿಂದ ನೋಡಿದ ಹಾಗೆ. 1080 ಪಿಕ್ಸೆಲ್ ಕೈಯಲ್ಲಿ ಹಿಡಿದ ಫೋನಿಗೆ ಧಾರಾಳ, ಅದನ್ನೇ ಕಣ್ಣಿನ ಹರವಿಗೆಲ್ಲ ಎಳೆದು ಹಾಸಿದರೆ ಒಂದು ಡಿಗ್ರಿಗೆ ಸಿಗುವುದು ಹತ್ತು-ಹನ್ನೆರಡು ಪಿಕ್ಸೆಲ್ ಅಷ್ಟೆ. ಚೆನ್ನಾಗಿರುವ ಕಣ್ಣು ಒಂದು ಡಿಗ್ರಿಯಲ್ಲಿ 60ರಷ್ಟನ್ನು ಬೇರ್ಪಡಿಸಬಲ್ಲದು. ಸಬ್‌ಟೈಟಲ್ ಓದಲು ತಲೆ ಮುಂದೆ ಚಾಚಬೇಕು. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಹೆಸರುಗಳು ಬಂದರೆ ಲೆನ್ಸಿನ ಉಂಗುರಗಳಲ್ಲಿ ಬೆಳಕು ಒಡೆದು ಎಲ್ಲ ಕಡೆ ಕಿರಣ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುವ ಗಾದೆ ಇಲ್ಲಿ ತಿರುಗಾಮುರುಗ, ದೂರದ ಬೆಟ್ಟವೇ ಕಾಳು ಕಾಳು. ಆರನೇ ತಿಂಗಳಿಗೆ ಹೆಡ್‌ಸೆಟ್ ಕಪಾಟಿನ ಮೇಲೆ ಹೋಯಿತು. ಮಾರಲು ಫೋಟೋ ಕೂಡ ತೆಗೆದಿದ್ದೆ.

ಮಾರದಿರಲು ಎರಡು ಕಾರಣ. ಒಂದು, ಕೆಳಗಿನ ಸಣ್ಣ ಗುಂಡಿ. ಎರಡು ಲೆನ್ಸಿನ ನಡುವಿನ ಅಂತರ ಹೊಂದಿಸುವುದು ಅದು. ಫೋಟೋ ತೆಗೆಯುವಾಗಲೇ ಅದು ಮೊದಲ ಸಲ ಕಣ್ಣಿಗೆ ಬಿದ್ದದ್ದು! ದೊಡ್ಡವರ ಕಣ್ಣುಪಾಪೆಗಳ ನಡುವೆ ಸರಾಸರಿ 63 ಮಿಲಿಮೀಟರ್ ಆಸುಪಾಸು ಅಂತರವಿರುತ್ತದೆ. ಕನ್ನಡಿ ಮುಂದೆ ಸ್ಕೇಲು ಹಿಡಿದು ನೋಡಿದರೆ ನನ್ನದು 60. ಹಿಂದಿನ ಮಾಲೀಕರು ಅದನ್ನು 70ಕ್ಕೆ ತಿರುಗಿಸಿಟ್ಟಿದ್ದರು. ಆರು ತಿಂಗಳು ನಾನು ಬೇರೆಯವರ ಕಣ್ಣಿನ ಅಳತೆಯಲ್ಲಿ ನೋಡಿ ತಲೆನೋವು ಬರಿಸಿಕೊಂಡಿದ್ದೆ.

ಎರಡನೆಯದು ಗೂಗಲ್ ಅರ್ಥ್ ವಿಆರ್, ಹೆಡ್‌ಸೆಟ್ಟಿನೊಳಗೆ ಭೂಮಿಯ ಮೇಲೆಲ್ಲ ಹಾರಾಡಿ ನೋಡುವ ಆ್ಯಪ್. 2016ರ ಕೊನೆಯಲ್ಲಿ ಬಂದದ್ದು, ಬಿಟ್ಟಿ. ಗುಂಡಿ ಸರಿ ಮಾಡಿದ ಸಂಜೆ ಸುಮ್ಮನೆ ತೆರೆದೆ. ಗ್ರಾಂಡ್ ಕ್ಯಾನ್ಯನ್ ಅಂಚಿನಲ್ಲಿ ಇಳಿದು ಕೆಳಗೆ ಬಗ್ಗಿದೆ. ಮಂಡಿ ತನ್ನಷ್ಟಕ್ಕೇ ಹಿಂದೆ ಸರಿಯಿತು. ಚಿತ್ರ ಚೆನ್ನಾಗಿಲ್ಲ, ನೆಲಕ್ಕೆ ಹತ್ತಿರ ಹೋದರೆ ಮರಗಳೆಲ್ಲ ಕರಗಿದ ಮೇಣದ ಮುದ್ದೆ. ಆದರೂ ಆಳ ಆಳವೇ. ಫೋಟೋದಲ್ಲಿ, ಟಿವಿಯಲ್ಲಿ ನೂರು ಸಲ ಕಂಡ ಜಾಗ ಎಷ್ಟು ದೊಡ್ಡದು ಎಂಬುದು ಆವತ್ತಿನವರೆಗೆ ನನಗೆ ಗೊತ್ತೇ ಇರಲಿಲ್ಲ. ಈ ಡಬ್ಬ ಕೊಡುವುದು ಸ್ಪಷ್ಟತೆಯಲ್ಲ, ಅಳತೆ. ಎರಡು ಕಣ್ಣಿಗೆ ಬೇರೆ ಬೇರೆ ಚಿತ್ರ, ತಲೆ ಒಂದಿಂಚು ಸರಿದರೆ ಹತ್ತಿರದ್ದು ಹೆಚ್ಚು, ದೂರದ್ದು ಕಡಿಮೆ ಸರಿಯುವುದು, ಇಷ್ಟು ಸಿಕ್ಕರೆ ಮಿದುಳು ಪಿಕ್ಸೆಲ್ ಎಣಿಸುವುದನ್ನು ಬಿಡುತ್ತದೆ. ಅಲ್ಲಿ ಕೈಯಲ್ಲಿ ಹಿಡಿಯುವ ಕಂಟ್ರೋಲರಿನಿಂದ ಆಕಾಶವನ್ನೇ ಹಿಡಿದು ಎಳೆಯಬಹುದು. ಸೂರ್ಯ ಜತೆಗೇ ಜಾರುತ್ತಾನೆ, ಕಣಿವೆಯಲ್ಲಿ ನೆರಳು ಉದ್ದವಾಗುತ್ತದೆ. ಆರು ವರ್ಷವಾದರೂ ನಾನು ಹೆಚ್ಚಾಗಿ ಮಾಡುವುದು ಇದೊಂದೇ: ಕೆಲಸ ಮುಗಿದ ಮೇಲೆ ಯಾವುದೋ ಬೆಟ್ಟದ ಮೇಲೆ ನಿಂತು ಹೊತ್ತು ಮುಳುಗಿಸುವುದು.

ಅಮ್ಮನಿಗೂ ಹಾಕಿಸಿದ್ದೆ, ಕುರ್ಚಿಯಲ್ಲಿ ಕೂರಿಸಿ. ಮ್ಯಾಟರ್‌ಹಾರ್ನ್ ತೋರಿಸಿದರೆ ಅವಳು ಬೆಟ್ಟ ನೋಡಲಿಲ್ಲ, ಕೆಳಗೆ ನೋಡಿದಳು. “ನನ್ನ ಕಾಲೆಲ್ಲಿ ಹೋಯ್ತೋ?” ಅಂದಳು. ಇಷ್ಟು ವರ್ಷದಲ್ಲಿ ಅದು ನನಗೆ ಹೊಳೆದೇ ಇರಲಿಲ್ಲ.

ತಲೆಸುತ್ತಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಬರುತ್ತದೆ. ಕಣ್ಣು ‘ಓಡುತ್ತಿದ್ದೇವೆ’ ಅನ್ನುತ್ತದೆ, ಒಳಗಿವಿ ‘ಕೂತಲ್ಲೇ ಇದ್ದೇವೆ’ ಅನ್ನುತ್ತದೆ, ಜಗಳ ಹೊಟ್ಟೆಗೆ ಬರುತ್ತದೆ. ಕಂಟ್ರೋಲರಿನ ಕಡ್ಡಿ ತಳ್ಳಿ ನಡೆಸುವ ಆಟಗಳನ್ನು ನಾನು ಕೈಬಿಟ್ಟೆ. ಒಂದು ಜಾಗದಿಂದ ಇನ್ನೊಂದಕ್ಕೆ ಪಟ್ಟನೆ ನೆಗೆಸುವಂಥವು ತೊಂದರೆಯಿಲ್ಲ. ಅರ್ಥ್‌ನಲ್ಲಿ ಹಾರುವಾಗ ನೋಟದ ಸುತ್ತ ಕತ್ತಲು ಕವಿಸಿ ನಡುವೆ ಕಿಂಡಿಯಷ್ಟೇ ಬಿಡುತ್ತಾರೆ, ಆ ಉಪಾಯ ನನಗಂತೂ ಒಗ್ಗಿತು. ಬೆವರು ತಣ್ಣಗೆ ಇಳಿಯಲು ಶುರುವಾದರೆ ಆ ಕ್ಷಣವೇ ತೆಗೆಯಿರಿ. ‘ಇನ್ನೈದು ನಿಮಿಷ’ ಅಂದ ದಿನ ನನಗೆ ರಾತ್ರಿ ಊಟ ಸೇರಲಿಲ್ಲ.

ಕೇಬಲ್ ವಿಷಯ ಬೇಗ ಮುಗಿಸುತ್ತೇನೆ. ನಾನು ಯಾವಾಗಲೂ ಬಲಕ್ಕೇ ತಿರುಗುತ್ತೇನಂತೆ, ಅದನ್ನು ಹೇಳಿಕೊಟ್ಟದ್ದು ಕೇಬಲ್ಲೇ. ದಿನದ ಕೊನೆಗೆ ಎಡಕ್ಕೆ ನಾಲ್ಕು ಸುತ್ತು ತಿರುಗಿ ಅದರ ಮುರಿ ಬಿಡಿಸಬೇಕು. ಹಾಗೆ ಮಾಡಿಯೂ ನಾಲ್ಕನೇ ವರ್ಷ ಅದರೊಳಗೆ ಎಲ್ಲೋ ಹರಿದು ಚಿತ್ರ ಮಿನುಗತೊಡಗಿತು. ಕಂಪನಿಗೆ ಬರೆದರೆ ಆ ಮಾದರಿಯ ಕೇಬಲ್ ಈಗ ಮಾಡುತ್ತಿಲ್ಲ ಎಂದು ಒಂದು ಸಾಲಿನ ಉತ್ತರ. ಬರೀ ಒಂದು ತಂತಿಗಾಗಿ ಇಡೀ ಯಂತ್ರ ಬಿಸಾಡಬೇಕೇ? ಹಾಳಾದ ಇನ್ನೊಂದು ಹೆಡ್‌ಸೆಟ್ ಹುಡುಕಿ ಅದರ ಕೇಬಲ್ ಕಿತ್ತು ಹಾಕಿಕೊಂಡೆ.

2019ರಲ್ಲಿ ಬಂದ ಕ್ವೆಸ್ಟ್ ಎಂಬ ಹೆಡ್‌ಸೆಟ್ಟನ್ನು ಗೆಳೆಯನ ಮನೆಯಲ್ಲಿ ಹಾಕಿ ನೋಡಿದ್ದೇನೆ. ಕೇಬಲ್ ಇಲ್ಲ, ಕಂಪ್ಯೂಟರ್ ಬೇಡ, ಗೋಡೆ ಹತ್ತಿರ ಬಂದರೆ ತಾನೇ ಜಾಲರಿ ತೋರಿಸುತ್ತದೆ. ಬ್ಯಾಟರಿ ಎರಡು-ಮೂರು ಗಂಟೆ. ತೂಕ ಮಾತ್ರ 571 ಗ್ರಾಂ, ಅದೂ ಎಲ್ಲ ಮುಂದಕ್ಕೇ. ಹೊಸದಾಗಿ ಕೊಳ್ಳುವವರು ಅಂಥದ್ದನ್ನೇ ಕೊಳ್ಳಿ. ನಾನು ಸದ್ಯಕ್ಕೆ ಕೊಳ್ಳುವುದಿಲ್ಲ, ವಾರಕ್ಕೆ ಎರಡು ಸಂಜೆಯ ಸೂರ್ಯಾಸ್ತಕ್ಕೆ ಇದು ಸಾಕು.

ಒಂದು ಎಚ್ಚರಿಕೆ ಉಳಿಯಿತು. ಬಳಸಿದ ಮೇಲೆ ಲೆನ್ಸಿನ ಮುಖ ಕೆಳಗೆ ಮಾಡಿ, ಬಟ್ಟೆ ಮುಚ್ಚಿ ಇಡಿ. ಈ ಲೆನ್ಸ್ ಹೊರಗಿನಿಂದ ಬಿಸಿಲು ಬಿದ್ದರೆ ಭೂತಗನ್ನಡಿಯಂತೆ ಅದನ್ನೆಲ್ಲ ಪರದೆಯ ಮೇಲೆ ಒಂದೇ ಬಿಂದುವಿಗೆ ಕೂಡಿಸುತ್ತದೆ. ಕಳೆದ ವರ್ಷ ಕಿಟಕಿ ಪಕ್ಕದ ಮೇಜಿನ ಮೇಲೆ ಅಂಗಾತ ಬಿಟ್ಟು ಫೋನ್ ಎತ್ತಲು ಹೋದೆ, ಮಾತು ಸ್ವಲ್ಪ ಉದ್ದವಾಯಿತು. ಎಡಗಣ್ಣಿನ ಪರದೆಯಲ್ಲಿ ಎಳ್ಳಿನಷ್ಟು ಹಳದಿ ಚುಕ್ಕೆ ಬಿದ್ದಿದೆ. ಒಳಗೆ ನಾನು ಸೂರ್ಯನನ್ನು ಎಷ್ಟೇ ಎಳೆದು ಮುಳುಗಿಸಿದರೂ ಅದು ಮಾತ್ರ ಅಲ್ಲೇ ಇರುತ್ತದೆ.