ಹಳೇ ಬೈಕಿಗೆ ಹೊಸ ಸ್ವಿಂಗ್‌ಆರ್ಮ್: ಕಾರವಾರದ ಒಂದು ಗ್ಯಾರೇಜಿನ ಕೆಲಸ

ಲೇತ್ ಕೆಲಸ ಚೊಕ್ಕ. ಬಾಕ್ಸ್ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿಯುವ, ಚೌಕ ಕೊಳವೆಯ ತೋಳು) ಹಳೇ ಫ್ರೇಮಿಗೆ ಅಗಲವಾದರೆ ಇಲ್ಲಿ ಫ್ರೇಮನ್ನು ಹಿಗ್ಗಿಸುವುದಿಲ್ಲ, ತೋಳು ಫ್ರೇಮಿಗೆ ಕೂರುವ ಪಿವಟ್ ಟ್ಯೂಬನ್ನೇ ಅಳೆದು ಅಗಲ ಕಡಿಮೆ ಮಾಡುತ್ತಾರೆ. ಯಾವ ಬದಿ ಎಷ್ಟು ಎಂದು ಚೈನಿಗೆ ನೂಲು ಹಿಡಿದು ನೋಡಿಯೇ ನಿರ್ಧಾರ. 3 ಮಿ.ಮೀ. ತಪ್ಪಿದರೂ ಚೈನು ಓರೆಯಾಗಿ ಓಡಿ ಸ್ಪ್ರಾಕೆಟ್ ಹಲ್ಲನ್ನು ಒಂದೇ ಮಗ್ಗುಲಲ್ಲಿ ತಿನ್ನುತ್ತದೆ.

ಶಾಕ್ ಅಬ್ಸಾರ್ಬರ್ ಮಾತ್ರ ನೀವೇ ಅಳೆದು ಕೊಡಿ. ಕಣ್ಣಿಂದ ಕಣ್ಣಿಗಿನ (ಎರಡೂ ತುದಿಯ ಬೋಲ್ಟ್ ತೂತುಗಳ ನಡುವಿನ) ಉದ್ದ ಹಳೆಯದಷ್ಟೇ ಇರಲಿ. ಉದ್ದ ಹೆಚ್ಚಿದರೆ ಚೈನು ಸ್ವಿಂಗ್‌ಆರ್ಮಿಗೆ ಉಜ್ಜುತ್ತದೆ, ಸೈಡ್ ಸ್ಟ್ಯಾಂಡಿನಲ್ಲಿ ಬೈಕು ತೀರಾ ವಾಲುತ್ತದೆ.

ಬೇಸರದ ಸಂಗತಿ, ಪಿವಟ್ ಬೋಲ್ಟಿಗೆ ಗ್ರೀಸ್ ಕೇಳಿಯೇ ಹಚ್ಚಿಸಬೇಕು. ನಮ್ಮ ಉಪ್ಪುಗಾಳಿಗೆ ಒಣ ಬೋಲ್ಟ್ ತನ್ನ ಸುತ್ತಲಿನ ಬಳೆಗೆ, ಅಂದರೆ ಬುಶ್ಶಿಗೆ, ಕಚ್ಚಿಕೊಂಡರೆ ಸುತ್ತಿಗೆಗೂ ಬಗ್ಗದು. ರಬ್ಬರ್ ಬುಶ್ಶಾದರೆ ಚಕ್ರ ನೆಲಕ್ಕೂರಿದ ಮೇಲೆಯೇ ನಟ್ಟು ಬಿಗಿಸಿ. ಎತ್ತಿಟ್ಟು ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ.