ಕಾರಿನ ಬಿಸಿ ಸೀಟಿನ ರಿಪೇರಿ: ಡೆಟ್ರಾಯಿಟ್ ಸಮೀಪದ ಒಂದು ಆಟೊ ಎಲೆಕ್ಟ್ರಿಕಲ್ ವರ್ಕ್‌ಶಾಪ್

ಮಿಷಿಗನ್‌ನ ಚಳಿಗಾಲದಲ್ಲಿ ಕಾರಿನ ಬಿಸಿ ಸೀಟನ್ನು ಐಷಾರಾಮವೆಂದು ಯಾರೂ ಎಣಿಸುವುದಿಲ್ಲ. ಎಂಜಿನ್ ಕಾದು ಬಿಸಿಗಾಳಿ ಬರುವುದಕ್ಕೆ ಮೊದಲೇ ಮೈ ಬೆಚ್ಚಗಾಗುವುದು ಅದರಿಂದಲೇ. ನಮ್ಮ ಕಾರಿನ ಚಾಲಕರ ಸೀಟು ಬಿಸಿಯಾಗುವುದು ನಿಂತು, ಅದನ್ನು ಹಿಂದೆಮುಂದೆ ಸರಿಸುವ ಮೋಟಾರೂ ಆಗಾಗ ಕೈಕೊಡತೊಡಗಿತು. ಮೊದಲು ನೋಡಿದವರು ಏನನ್ನೂ ಅಳೆಯದೆ, ಹೀಟರ್ ಮ್ಯಾಟನ್ನೂ (ಸೀಟಿನೊಳಗಿನ ಬಿಸಿಯಾಗುವ ತಂತಿಯ ಹಾಸು) ಅದನ್ನು ನಿಯಂತ್ರಿಸುವ ಕಂಟ್ರೋಲ್ ಮಾಡ್ಯೂಲನ್ನೂ ಬದಲಿಸಬೇಕೆಂದು ಖರ್ಚಿನ ಪಟ್ಟಿ ಬರೆದುಕೊಟ್ಟರು. ಆಮೇಲೆ ಹೋದದ್ದು ವಾಹನಗಳ ವಿದ್ಯುತ್ ದೋಷಗಳನ್ನೇ ನೋಡುವ ಒಂದು ಸಣ್ಣ ಸ್ವತಂತ್ರ ವರ್ಕ್‌ಶಾಪಿಗೆ. ಈ ವಿಮರ್ಶೆ ಅವರ ಕೆಲಸವನ್ನು ಕುರಿತದ್ದು.

ಬಿಸಿ ಮತ್ತು ಮೋಟಾರು ಎರಡೂ ಒಂದೇ ಹೊತ್ತಿಗೆ ಕೆಡುತ್ತವೆಯೇ ಎಂಬುದು ಅಲ್ಲಿನ ಮೆಕ್ಯಾನಿಕ್ ಕೇಳಿದ ಮೊದಲ ಪ್ರಶ್ನೆ. ನಮ್ಮ ಕಾರಿನಲ್ಲಿ ಇವೆರಡಕ್ಕೂ ಫ್ಯೂಸ್ ಬೇರೆಬೇರೆ. ಆದ್ದರಿಂದ ಎರಡೂ ಜೊತೆಯಾಗಿ ನಿಂತರೆ, ಸೀಟಿನ ಕೆಳಗಿನ ಕನೆಕ್ಟರ್ ಅಥವಾ ಎರಡಕ್ಕೂ ಸೇರಿದ ಬಾಡಿ ಅರ್ತ್ (ವಿದ್ಯುತ್ ಬ್ಯಾಟರಿಗೆ ಮರಳಲು ಕಾರಿನ ಲೋಹದ ಬಾಡಿಗೆ ಕೊಟ್ಟ ಸಂಪರ್ಕ) ಮೇಲೆಯೇ ಮೊದಲ ಅನುಮಾನ ಹೋಗಬೇಕು. ಬ್ಯಾಟರಿಯ ಸ್ಥಿತಿಯನ್ನೂ ಫ್ಯೂಸ್‌ಗಳನ್ನೂ ನೋಡಿದ ಮೇಲೆ ಅವರು ಮ್ಯಾಟಿನ ರೋಧವನ್ನು ಅಳೆದರು. ಅದು ಕೆಲವೇ ಓಮ್ ಇತ್ತು, ಅಂದರೆ ಒಳಗಿನ ತಂತಿ ತುಂಡಾಗಿರಲಿಲ್ಲ. ಹಲವು ಕಾರುಗಳಲ್ಲಿ ಕೂರುವ ಭಾಗದ ಮತ್ತು ಒರಗುವ ಭಾಗದ ಮ್ಯಾಟುಗಳು ಒಂದರ ಹಿಂದೊಂದು ಸರಣಿಯಲ್ಲಿರುವುದರಿಂದ, ಒಂದು ತುಂಡಾದರೂ ಎರಡೂ ತಣ್ಣಗಾಗುತ್ತವೆ. ಈ ಪರೀಕ್ಷೆಯನ್ನು ಬಿಡುವಂತಿಲ್ಲ.

ನನಗೆ ಅತ್ಯಂತ ಮೆಚ್ಚಿಗೆಯಾದದ್ದು ನಂತರದ ಹಂತ. ಲೋಡ್ ಇಲ್ಲದಾಗ, ಅಂದರೆ ಸೀಟು ವಿದ್ಯುತ್ತನ್ನು ಎಳೆಯದಿದ್ದಾಗ, ಒಂದೇ ಎಳೆ ಉಳಿದಿರುವ ತಂತಿಯಲ್ಲಿಯೂ ಮೀಟರ್ 12 ವೋಲ್ಟ್ ತೋರಿಸಬಲ್ಲದು. ಆದ್ದರಿಂದ ಅವರು ಸೀಟಿನ ಸ್ವಿಚ್ಚುಗಳನ್ನು ಹಾಕಿಯೇ, ಸೀಟಿನ ಅರ್ತ್ ತಂತಿಗೂ ಕಾರಿನ ಬಾಡಿಗೂ ನಡುವಿನ ವೋಲ್ಟೇಜನ್ನು ಅಳೆದರು. 0.1 ಅಥವಾ 0.2 ವೋಲ್ಟ್ ಒಳಗಿರಬೇಕಾದದ್ದು ನಮ್ಮಲ್ಲಿ 2 ವೋಲ್ಟ್ ದಾಟಿತ್ತು, ಅಂದರೆ ಅರ್ತ್ ಸಂಪರ್ಕವೇ ಕೆಟ್ಟಿತ್ತು. ರಸ್ತೆಗೆ ಸುರಿದ ಉಪ್ಪು ಬೂಟುಗಳಿಗೆ ಅಂಟಿದ ಹಿಮದೊಡನೆ ಒಳಬಂದು, ಕಾರ್ಪೆಟ್ಟಿನ ಅಡಿಗೆ ಇಳಿದು ಅರ್ತ್ ಬೋಲ್ಟನ್ನು ತಿಂದುಹಾಕಿತ್ತು. ಅದನ್ನು ಉಜ್ಜಿ, ಹೊಸ ಟರ್ಮಿನಲ್ ಒತ್ತಿ, ತುಕ್ಕು ತಡೆಯುವ ಲೇಪ ಹಚ್ಚಿದರು. ಬದಲಿಸಬೇಕೆಂದು ಹೇಳಲಾಗಿದ್ದ ಮಾಡ್ಯೂಲಿಗಾಗಲಿ ಮ್ಯಾಟಿಗಾಗಲಿ ಏನೂ ಆಗಿರಲಿಲ್ಲ.

ಸೀಟನ್ನು ಬಿಚ್ಚುವ ಮೊದಲು, ಏರ್‌ಬ್ಯಾಗ್ ಅಚಾನಕ್ಕಾಗಿ ಸಿಡಿಯದಂತೆ, ಅವರು ಬ್ಯಾಟರಿಯ ಸಂಪರ್ಕ ತೆಗೆದು ಸ್ವಲ್ಪ ಹೊತ್ತು ಕಾದರು, ಏರ್‌ಬ್ಯಾಗಿನ ಹಳದಿ ಕನೆಕ್ಟರಿಗೆ ಮೀಟರ್ ತಾಗಿಸಲೇ ಇಲ್ಲ. ಮನೆಯಲ್ಲಿ ಇದನ್ನು ಪ್ರಯತ್ನಿಸುವವರು ಈ ಎರಡು ವಿಷಯಗಳಲ್ಲಿ ಎಳ್ಳಷ್ಟೂ ಸಡಿಲ ಬಿಡಬಾರದು.

ಕೊರತೆಗಳೂ ಇವೆ. ದೋಷ ಹುಡುಕುವುದಕ್ಕೆ ಗಂಟೆಯ ಲೆಕ್ಕದಲ್ಲಿ ಪ್ರತ್ಯೇಕ ಶುಲ್ಕವಿದೆ, ಅದನ್ನು ಅವರೇ ಮೊದಲು ಹೇಳಬೇಕಿತ್ತು. ಕಾಯುವವರಿಗೆ ಕೂರಲು ಜಾಗವಿಲ್ಲ. ಪಕ್ಕದ ಸೀಟಿನಲ್ಲಿ ಪ್ರಯಾಣಿಕರ ತೂಕ ಗ್ರಹಿಸುವ ಸೆನ್ಸರ್ ಇದ್ದು, ಅದನ್ನು ಮರುಹೊಂದಿಸಬೇಕಾದ ಕೆಲಸವಾದರೆ ಅವರು ಡೀಲರ್ ಬಳಿಗೆ ಕಳುಹಿಸುತ್ತಾರೆ. ಹಿಮ ಬಿದ್ದ ಮೇಲೆ ಸರದಿ ಉದ್ದವಾಗುತ್ತದೆಯಾದ್ದರಿಂದ ಅಕ್ಟೋಬರ್‌ನಲ್ಲೇ ಸೀಟಿನ ಸ್ವಿಚ್ ಹಾಕಿ ನೋಡಿ, ದೋಷವಿದ್ದರೆ ಆಗಲೇ ಸಮಯ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.