ಕ್ಯಾಟ್ ಗಣಿತ: ಕೋಚಿಂಗ್, ಮೊಬೈಲ್ ಪಾಠ, ಹಳೆ ಪ್ರಶ್ನೆಪತ್ರಿಕೆ – ಮೂರನ್ನೂ ಮಾಡಿ ನೋಡಿದ ಮೇಲೆ

ಹತ್ತನೇ ತರಗತಿವರೆಗೆ ಗದಗಿನಲ್ಲಿ ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಕಾಮರ್ಸ್, ಅದರಲ್ಲೂ ಗಣಿತದ ಬದಲು ಸ್ಟ್ಯಾಟಿಸ್ಟಿಕ್ಸ್. ಆಮೇಲೆ ಬಿಕಾಂ. ಎಂಬಿಎ ಮಾಡಬೇಕು, ಅದರ ಪ್ರವೇಶ ಪರೀಕ್ಷೆ ಕ್ಯಾಟ್ ಬರೆಯಬೇಕು ಅಂತ ಕೂತಾಗ ನಾನು ರೇಖಾಗಣಿತ, ಬೀಜಗಣಿತ ಮುಟ್ಟಿ ಐದು ವರ್ಷ ಆಗಿತ್ತು. 2023ರಲ್ಲಿ ಒಂದು ಸಲ, 2024ರಲ್ಲಿ ಇನ್ನೊಂದು ಸಲ ಬರೆದೆ. ಈ ಎರಡು ವರ್ಷದಲ್ಲಿ ಗಣಿತಕ್ಕೆ ಮೂರು ದಾರಿ ಹಿಡಿದು ನೋಡಿದೆ. ಮೂರಕ್ಕೂ ದುಡ್ಡು ಅಥವಾ ಸಮಯ ಸುರಿದಿದ್ದೇನೆ. ಯಾವುದು ಯಾರಿಗೆ ಸರಿ ಅಂತ ನನಗೆ ಈಗ ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ಪರೀಕ್ಷೆ ಹೇಗಿರುತ್ತದೆ ಅನ್ನುವುದು ಕಣ್ಣ ಮುಂದೆ ಇರಲಿ. 2021ರಿಂದ ಗಣಿತ ವಿಭಾಗಕ್ಕೆ 22 ಪ್ರಶ್ನೆ, 40 ನಿಮಿಷ. ಸರಿ ಉತ್ತರಕ್ಕೆ 3 ಅಂಕ. ಆಯ್ಕೆ ಇರುವ ಪ್ರಶ್ನೆ ತಪ್ಪಾದರೆ 1 ಅಂಕ ಕಟ್. ಉತ್ತರವನ್ನು ನಾವೇ ಟೈಪ್ ಮಾಡುವ ಪ್ರಶ್ನೆಗಳಿಗೆ ಕಟ್ ಇಲ್ಲ. ಒಟ್ಟು 66 ಅಂಕ. ಶೇಕಡಾ, ಅನುಪಾತ, ಬಡ್ಡಿ, ವೇಗ, ಕೆಲಸ ಮತ್ತು ಕಾಲ, ಸಮೀಕರಣ, ವೃತ್ತ, ತ್ರಿಕೋನ, ಇವೇ ಜಾಸ್ತಿ. ಅಂದರೆ ವಿಷಯ ಬಹುಪಾಲು ಹೈಸ್ಕೂಲಿನದೇ. ಕಷ್ಟ ಇರುವುದು ಪ್ರಶ್ನೆ ಕೇಳುವ ರೀತಿಯಲ್ಲಿ. ಒಂದು ಪ್ರಶ್ನೆಗೆ ಎರಡು ನಿಮಿಷವೂ ಸಿಗುವುದಿಲ್ಲ.

ನಾನು ಮೊದಲು ಸೇರಿದ್ದು ಹುಬ್ಬಳ್ಳಿಯ ಒಂದು ಕೋಚಿಂಗ್ ಕ್ಲಾಸಿಗೆ. ಶನಿವಾರ, ಭಾನುವಾರ ಗದಗಿನಿಂದ ರೈಲಿಗೆ ಹೋಗಿ ಬರುತ್ತಿದ್ದೆ. ಅಪ್ಪ ಎರಡು ಕಂತಿನಲ್ಲಿ ಫೀ ಕಟ್ಟಿದರು. ಕ್ಲಾಸಿನಿಂದ ಆದ ಉಪಕಾರವನ್ನು ಮೊದಲು ಹೇಳಬೇಕು. ಯಾವುದರ ಮೇಲೆ ಯಾವುದು ಓದಬೇಕು ಅನ್ನುವ ಕ್ರಮ ಸಿಕ್ಕಿತು. ಶೇಕಡಾ ಗಟ್ಟಿಯಾಗದೆ ಲಾಭ–ನಷ್ಟಕ್ಕೆ ಹೋಗಬಾರದು, ಅನುಪಾತ ಬರದೆ ಮಿಶ್ರಣದ ಲೆಕ್ಕ ಮುಟ್ಟಬಾರದು, ಇಂಥದ್ದೆಲ್ಲ ನನಗೆ ಒಬ್ಬಳಿಗೇ ಹೊಳೆಯುತ್ತಿರಲಿಲ್ಲ. ವಾರಕ್ಕೊಂದು ಟೆಸ್ಟ್ ಇರುತ್ತಿದ್ದರಿಂದ ಓದು ತಪ್ಪುತ್ತಿರಲಿಲ್ಲ.

ಆದರೆ ಬ್ಯಾಚಿನಲ್ಲಿ ಮುಕ್ಕಾಲು ಪಾಲು ಇಂಜಿನಿಯರಿಂಗ್ ಹುಡುಗರು. ಪಾಠ ಅವರ ಓಟಕ್ಕೇ ಓಡುತ್ತಿತ್ತು. ಅದರ ಮೇಲೆ ಎಲ್ಲದಕ್ಕೂ ಶಾರ್ಟ್‌ಕಟ್. ಸೂತ್ರ ಬರೆದುಕೊಳ್ಳಿ, ನೆನಪಿಟ್ಟುಕೊಳ್ಳಿ, ಮುಂದಿನದು. ಒಂದು ಉದಾಹರಣೆ ಕೊಡುತ್ತೇನೆ, ಇದು ನನಗೆ ಇನ್ನೂ ಚುಚ್ಚುತ್ತದೆ. ಎಣ್ಣೆ ರೇಟು ಶೇ. 20 ಏರಿದರೆ, ಖರ್ಚು ಏರದ ಹಾಗೆ ಬಳಕೆ ಎಷ್ಟು ಕಡಿಮೆ ಮಾಡಬೇಕು? 20ನ್ನು 120ರಿಂದ ಭಾಗಿಸಿ, ಶೇ. 16.67. ಈ ಸೂತ್ರ ನನಗೆ ಬಾಯಿಪಾಠ ಆಗಿತ್ತು. ಟೆಸ್ಟಿನಲ್ಲಿ ಪ್ರಶ್ನೆ ಸ್ವಲ್ಪ ತಿರುಗಿ ಬಂತು: ರೇಟು ಶೇ. 20 ಏರಿದೆ, ಮನೆಯವರು ಖರ್ಚನ್ನು ಶೇ. 8 ಏರಲು ಬಿಡುತ್ತಾರೆ, ಬಳಕೆ ಎಷ್ಟು ಇಳಿಸಬೇಕು? ಆಯ್ಕೆಯಲ್ಲಿ 16.67 ಇತ್ತು. ಸರ್ರನೆ ಒತ್ತಿದೆ. ತಪ್ಪು. ನಿಜಕ್ಕೂ ಇದಕ್ಕೆ ಸೂತ್ರವೇ ಬೇಡ. ಮೊದಲು 100 ರೂಪಾಯಿಗೆ ಬರುತ್ತಿದ್ದ ಎಣ್ಣೆಗೆ ಈಗ 120 ಬೇಕು. ಕೈಯಲ್ಲಿರುವುದು 108. 120ರಲ್ಲಿ 108 ಅಂದರೆ ಹತ್ತರಲ್ಲಿ ಒಂಬತ್ತು. ಶೇ. 10 ಇಳಿಸಿದರೆ ಸಾಕು. ಮನೆ ಸಾಮಾನು ತರುವವರು ಯಾರಾದರೂ ಮಾಡುವ ಲೆಕ್ಕ ಇದು. ಸೂತ್ರ ನನ್ನನ್ನು ಅಲ್ಲಿಗೆ ಹೋಗಲು ಬಿಡಲಿಲ್ಲ. ಕ್ಲಾಸು ಮುಗಿದಾಗ ಬರೆದ ಪೂರ್ಣ ಟೆಸ್ಟಿನಲ್ಲಿ ಐದು ಸರಿ, ನಾಲ್ಕು ತಪ್ಪು. 66ಕ್ಕೆ 11.

ಎರಡನೆಯದು ಮೊಬೈಲ್. ಕ್ಲಾಸಿನಲ್ಲಿ ಬಿಟ್ಟಿದ್ದನ್ನು ತುಂಬಿಕೊಳ್ಳೋಣ ಅಂತ ಸೆಪ್ಟೆಂಬರ್‌ನಿಂದ ದಿನಾ ರಾತ್ರಿ ಎರಡು ತಾಸು ವಿಡಿಯೋ ಪಾಠ ನೋಡಿದೆ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ವಿಡಿಯೋ ನೋಡುವಾಗ ಎಲ್ಲವೂ ತಿಳಿದ ಹಾಗೇ ಇರುತ್ತದೆ. ಮರುದಿನ ಅದೇ ಲೆಕ್ಕ ಹಾಳೆ ಮೇಲೆ ಇಟ್ಟುಕೊಂಡರೆ ಎರಡನೇ ಸಾಲಿಗೆ ಪೆನ್ನು ನಿಲ್ಲುತ್ತದೆ. ತಿಳಿದದ್ದು ಪಾಠ ಮಾಡಿದವರಿಗೆ, ನಮಗಲ್ಲ. ರೇಖಾಗಣಿತಕ್ಕೆ ಮಾತ್ರ ವಿಡಿಯೋದಿಂದ ನನಗೆ ಬಹಳ ಲಾಭ ಆಯಿತು. ವೃತ್ತದೊಳಗೆ ಯಾವ ಗೆರೆ ಮೊದಲು ಎಳೆಯಬೇಕು ಅನ್ನುವುದು ಕಣ್ಣೆದುರು ಎಳೆದಾಗಲೇ ತಲೆಗೆ ಹೋಗುವುದು. ಕನ್ನಡದಲ್ಲಿ ನನಗೆ ಸಿಕ್ಕಿದ್ದು ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗಳ ಮಾನಸಿಕ ಸಾಮರ್ಥ್ಯದ ಪಾಠಗಳು. ಶೇಕಡಾ, ಸರಾಸರಿಯ ಅಡಿಪಾಯಕ್ಕೆ ಅವು ಚೆನ್ನಾಗಿವೆ. ಆದರೆ ಕ್ಯಾಟ್ ಅಲ್ಲಿಂದ ಇನ್ನೊಂದು ಮೆಟ್ಟಿಲು ಮೇಲಿದೆ.

ಆ ವರ್ಷದ ನವೆಂಬರ್‌ನಲ್ಲಿ ಬರೆದೆ. ಅಂಕ ಹೆಚ್ಚುಕಡಿಮೆ ಅಷ್ಟೇ ಬಂತು.

ಮುಂದಿನ ವರ್ಷ ಯಾವುದಕ್ಕೂ ಸೇರಲಿಲ್ಲ. ನನ್ನ ಗೆಳತಿಯೊಬ್ಬಳು ಧಾರವಾಡದ ಸಪ್ತಾಪುರದಲ್ಲಿ ಪಿಜಿಯಲ್ಲಿದ್ದಳು, ಅವಳೂ ಕ್ಯಾಟ್ ಬರೆಯುವವಳು. ಸಪ್ತಾಪುರ ಗೊತ್ತಲ್ವಾ, ಹೆಜ್ಜೆಗೊಂದು ಓದುವ ಕೋಣೆ. ಅಲ್ಲಿ ಕೂತವರೆಲ್ಲ ಕೆಎಎಸ್, ಪಿಎಸ್‌ಐ, ಶಿಕ್ಷಕರ ನೇಮಕಾತಿಯವರು. ಅವರ ನಡುವೆ ನಾವಿಬ್ಬರು. ಕ್ಯಾಟ್ 2020ರಿಂದ ಒಂದೇ ದಿನ ಮೂರು ಪಾಳಿಯಲ್ಲಿ ನಡೆಯುತ್ತದೆ, ಮೂರಕ್ಕೂ ಬೇರೆ ಬೇರೆ ಪತ್ರಿಕೆ. ಹಾಗಾಗಿ 2021, 2022, 2023 ಸೇರಿ ಒಂಬತ್ತು ಪತ್ರಿಕೆ, 198 ಲೆಕ್ಕ. ಇಷ್ಟನ್ನೇ ಐದು ತಿಂಗಳು ಹಿಡಿದುಕೊಂಡೆವು.

ಮಾಡಿದ್ದು ಇಷ್ಟು. ಬೆಳಿಗ್ಗೆ ಗಡಿಯಾರ ಇಟ್ಟು 40 ನಿಮಿಷ ಒಂದು ಪತ್ರಿಕೆ. ಆಮೇಲೆ ಇಡೀ ದಿನ, ಕೆಲವು ಸಲ ಮೂರು ದಿನ, ಅದೇ 22 ಲೆಕ್ಕ ಗಡಿಯಾರ ಇಲ್ಲದೆ. ಓದುವ ಕೋಣೆಯಲ್ಲಿ ಮಾತಾಡುವ ಹಾಗಿಲ್ಲ. ಅದಕ್ಕೆ ಸಂಜೆ ಹೊರಗೆ ಚಹಾ ಅಂಗಡಿ ಮುಂದೆ ನಿಂತು ಒಬ್ಬರು ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳುವುದು. ಹೇಳುವಾಗ ಎಲ್ಲಿ ತಡವರಿಸುತ್ತೇವೋ ಅಲ್ಲೇ ನಮಗೆ ಅರ್ಥವಾಗಿಲ್ಲ ಅಂತ ಲೆಕ್ಕ.

ಜೊತೆಗೆ ಒಂದು ತಪ್ಪಿನ ನೋಟ್‌ಬುಕ್. ತಪ್ಪಾದ ಪ್ರತಿ ಲೆಕ್ಕದ ಎದುರಿಗೆ ನಾಲ್ಕರಲ್ಲಿ ಒಂದು ಬರೆಯಬೇಕು: ವಿಷಯ ಗೊತ್ತಿರಲಿಲ್ಲ, ಪ್ರಶ್ನೆ ತಪ್ಪು ಓದಿದೆ, ಕೂಡಿಸಿ ಕಳೆಯುವಾಗ ತಪ್ಪಿದೆ, ಬಿಡಬೇಕಾದ ಲೆಕ್ಕ ಹಿಡಿದೆ. ನಾಲ್ಕು ಪತ್ರಿಕೆ ಆಗುವ ಹೊತ್ತಿಗೆ ನನ್ನ ನೋಟ್‌ಬುಕ್‌ನಲ್ಲಿ ಅತಿ ಹೆಚ್ಚು ಇದ್ದದ್ದು ‘ತಪ್ಪು ಓದಿದೆ’. ವರ್ಷವಿಡೀ ನನಗೆ ಗಣಿತ ಬರುವುದಿಲ್ಲ ಅಂತ ಅತ್ತಿದ್ದೆ. ಕಾಲು ಜಾರುತ್ತಿದ್ದುದು ಇಂಗ್ಲಿಷ್ ಪದಗಳ ಮೇಲೆ! ಅಟ್ ಮೋಸ್ಟ್ (ಹೆಚ್ಚೆಂದರೆ), ಅಟ್ ಲೀಸ್ಟ್ (ಕಡಿಮೆಯೆಂದರೆ), ಡಿಸ್ಟಿಂಕ್ಟ್ (ಬೇರೆ ಬೇರೆ). ನಾವೇ ಮಾಡಿಕೊಂಡ ಒಂದು ಲೆಕ್ಕ ನೋಡಿ. ಮೂರು ಧನ ಪೂರ್ಣಾಂಕಗಳ ಮೊತ್ತ 10 ಆಗಬೇಕು, ಕ್ರಮ ಬದಲಾದರೆ ಬೇರೆ ಅಂತ ಎಣಿಸಬೇಕು. ಎಷ್ಟು ಬಗೆ? 36. ‘ಡಿಸ್ಟಿಂಕ್ಟ್’ ಅಂತ ಒಂದು ಪದ ಸೇರಿದರೆ ಮೂರೂ ಬೇರೆ ಬೇರೆ ಇರಬೇಕು. ಆಗ 1, 1, 8 ನಡೆಯುವುದಿಲ್ಲ. 2, 2, 6 ನಡೆಯುವುದಿಲ್ಲ. 3, 3, 4 ಮತ್ತು 4, 4, 2 ಕೂಡ ಇಲ್ಲ. ಒಂದೊಂದೂ ಮೂರು ಬಗೆ, ಒಟ್ಟು 12 ಹೋಯಿತು. ಉಳಿದದ್ದು 24. ಒಂದು ಪದಕ್ಕೆ ಇಷ್ಟು ವ್ಯತ್ಯಾಸ. ಕನ್ನಡ ಮಾಧ್ಯಮದಿಂದ ಬಂದವರು ಇಂಥ ಪದಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಚಕ್ರಬಡ್ಡಿ, ಲಸಾಅ, ಮಸಾಅ ನಮಗೆ ಗೊತ್ತಿರುವುದೇ. ಅವುಗಳ ಇಂಗ್ಲಿಷ್ ಹೆಸರು ಕಂಡ ಕೂಡಲೇ ಗುರುತು ಸಿಗಬೇಕು, ಅಷ್ಟೇ.

ಇದರ ನಡುವೆ ಒಂದು ಹಬ್ಬಕ್ಕೆ ಬ್ಯಾಡಗಿಗೆ ಹೋಗಿದ್ದೆ. ನಮ್ಮ ಕಾಕಾ ಅಲ್ಲಿ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಕೇಜಿಗೆ 240ರ ಚಹಾಪುಡಿ, 400ರ ಚಹಾಪುಡಿ, ಬೆರೆಸಿ 300 ಬೀಳಬೇಕು, ಯಾವ ಪ್ರಮಾಣ ಅಂತ ನಾನು ಸಮೀಕರಣ ಬರೆಯುತ್ತಾ ಕೂತಿದ್ದೆ. ಕಾಕಾ ಇಣುಕಿ ನೋಡಿದರು. “ಎದಕ ಬೇಕವಾ ಆ ಎಕ್ಸ್, ವಾಯ್? ಕಡಿಮಿ ಮಾಲು ಅರವತ್ತು ಕೆಳಗದ, ಜಾಸ್ತಿ ಮಾಲು ನೂರು ಮ್ಯಾಲದ. ಐದು ಕೇಜಿ ಇದು, ಮೂರು ಕೇಜಿ ಅದು. ಅಲ್ಲೂ ಮುನ್ನೂರು, ಇಲ್ಲೂ ಮುನ್ನೂರು. ಸರಿ ಹೋತಲ್ಲ!” ಕ್ಲಾಸಿನಲ್ಲಿ ಇದೇ ಲೆಕ್ಕಕ್ಕೆ ಅಡ್ಡಗೆರೆ ಎಳೆಯುವ ಸೂತ್ರ ಕೊಟ್ಟಿದ್ದರು. ಯಾಕೆ ಹಾಗೆ ಎಳೆಯಬೇಕು ಅನ್ನುವುದು ನನಗೆ ತಿಳಿದದ್ದು ಕಾಕಾ ಹೇಳಿದ ಮೇಲೆ. ಕೆಳಗೆ ಬಿದ್ದ ದುಡ್ಡು (5 × 60), ಮೇಲೆ ಹೋದ ದುಡ್ಡು (3 × 100) ಸಮ ಆಗಬೇಕು. ಅಂದಿನಿಂದ ಸರಾಸರಿಯ ಲೆಕ್ಕಗಳನ್ನೂ ಹೀಗೇ ಮಾಡಿದೆ. ಕಾಕಾನ ಕಾಲದಲ್ಲಿ ಕಾಲು, ಅರ್ಧ, ಮುಕ್ಕಾಲರ ಮಗ್ಗಿಯನ್ನೂ ಕಲಿಸುತ್ತಿದ್ದರಂತೆ. ಪರೀಕ್ಷೆಯ ಪರದೆಯ ಮೇಲೆ ಕ್ಯಾಲ್ಕುಲೇಟರ್ ಇರುತ್ತದೆ, ನಿಜ. ಮೌಸ್‌ನಿಂದ ಒಂದೊಂದೇ ಅಂಕಿ ಒತ್ತುವುದರೊಳಗೆ ಮಗ್ಗಿ ಬಂದವರ ಉತ್ತರ ಬಂದಿರುತ್ತದೆ.

ಇನ್ನೊಂದು ಸಂಜೆ. ಧಾರವಾಡದಿಂದ ಚಿಗರಿ ಬಸ್ಸಿಗೆ ಹುಬ್ಬಳ್ಳಿಗೆ ಬಂದು ಗದಗಿನ ರೈಲಿಗೆ ಕಾಯುತ್ತಿದ್ದೆ, ಗೆಳತಿಯೂ ಜೊತೆಗಿದ್ದಳು. ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಉದ್ದದ್ದು. ಅವಳು ಕೇಳಿದಳು: “ಗಾಡಿ ಉದ್ದ 493 ಮೀಟರ್ ಅಂತ ಇಟ್ಕೋ. ತಾಸಿಗೆ 72 ಕಿಲೋಮೀಟರ್. ನಿಲ್ಲದಂಗ ಈ ಪ್ಲಾಟ್‌ಫಾರ್ಮ್ ದಾಟಾಕ ಎಷ್ಟು ಸೆಕೆಂಡ್?” 72 ಅಂದರೆ ಸೆಕೆಂಡಿಗೆ 20 ಮೀಟರ್. ಗಾಡಿಯ ಬಾಲವೂ ದಾಟಬೇಕಲ್ಲ, 1,507ಕ್ಕೆ 493 ಕೂಡಿಸಿ 2,000. ಉತ್ತರ 100. ಪೆನ್ನಿಲ್ಲದೆ ಹೇಳಿದೆ. ಹಿಂದಿನ ವರ್ಷ ಆಗಿದ್ದರೆ ಸೂತ್ರ ಹುಡುಕುತ್ತಿದ್ದೆ.

ಈ ದಾರಿಯಲ್ಲೂ ಕೊರತೆ ಇದೆ. ಏನೂ ಗೊತ್ತಿಲ್ಲದೆ ಹಳೆ ಪತ್ರಿಕೆ ತೆರೆದರೆ ಎದೆ ಒಡೆಯುತ್ತದೆ. ನನಗೆ ಕ್ಲಾಸಿನ ಅಡಿಪಾಯ ಇದ್ದದ್ದಕ್ಕೆ ನಡೆಯಿತು. ಜೊತೆಗಾರರು ಇಲ್ಲದಿದ್ದರೆ ಎರಡು ವಾರಕ್ಕೆ ಬಿಟ್ಟುಬಿಡುವ ಸಂಭವವೂ ಜಾಸ್ತಿ. ಆದರೆ ಬಿಡುವುದನ್ನು ಕಲಿಸಿದ್ದು ಇದೊಂದೇ. 22 ಲೆಕ್ಕವನ್ನೂ ಮೊದಲು ಓದಿ, ಕೈಗೆ ಬರುವ ಹನ್ನೆರಡನ್ನು ಆರಿಸಿಕೊಂಡು ಉಳಿದದ್ದಕ್ಕೆ ಕೈ ಮುಗಿಯುವುದು. 2024ರಲ್ಲಿ ಹತ್ತು ಸರಿ, ಎರಡು ತಪ್ಪು. 28 ಅಂಕ. ಈಗ ಎಂಬಿಎ ಓದುತ್ತಿದ್ದೇನೆ.

ಗಣಿತ ಬಿಟ್ಟು ವರ್ಷಗಳಾದವರು ಎರಡು ಮೂರು ತಿಂಗಳು ಕ್ಲಾಸಿಗೆ ಹೋಗಿ, ಆದರೆ ಸೇರುವ ಮೊದಲು ಬ್ಯಾಚಿನಲ್ಲಿ ಯಾರಿದ್ದಾರೆ ಅಂತ ಕೇಳಿ. ವಿಡಿಯೋವನ್ನು ಸಿಕ್ಕಿಬಿದ್ದ ಲೆಕ್ಕಕ್ಕೆ ಮಾತ್ರ ಇಟ್ಟುಕೊಳ್ಳಿ. ಪ್ರಶ್ನೆ ಬಂದ ಕೂಡಲೇ ನಿಲ್ಲಿಸಿ, ಮಾಡಿ, ಆಮೇಲೆ ನೋಡಿ. ಹಾವೇರಿಯ ನನ್ನ ಚಿಕ್ಕಮ್ಮನ ಮಗ ಇಂಜಿನಿಯರಿಂಗ್ ಮುಗಿಸಿ ಈಗ ತಯಾರಿ ಶುರು ಮಾಡಿದ್ದಾನೆ. ಗಣಿತ ಗಟ್ಟಿ, ಅವಸರ ಜಾಸ್ತಿ. ಅವನಿಗೆ ಕ್ಲಾಸು ಬೇಡ ಅಂದೆ, ನನ್ನ ತಪ್ಪಿನ ನೋಟ್‌ಬುಕ್ ಕೊಟ್ಟೆ. 2024ರ ಮೂರು ಪತ್ರಿಕೆ ಮಾತ್ರ ಅಕ್ಟೋಬರ್‌ವರೆಗೆ ತೆರೆಯಬೇಡ ಅಂತ ಹೇಳಿದ್ದೇನೆ. ನಾವು ಒಂಬತ್ತನ್ನೂ ಮೊದಲೇ ಮುಗಿಸಿಬಿಟ್ಟು, ಕೊನೆಗೆ ಗಡಿಯಾರ ಇಟ್ಟು ಮಾಡಲು ಹೊಸದೊಂದೂ ಉಳಿದಿರಲಿಲ್ಲ.